ಲಕೋಟೆಯ ರೋಗಿ

ಮೊದಲನೇ ಪ್ರಶ್ನೆ ಬರುವ ಮೊದಲೇ ದೇವದಾಸ್ ಬೆವರಿದರು. ಮೂಲೆಯಲ್ಲಿ ಅಂಕಪಟ್ಟಿ ಹಿಡಿದು ಕೂತಿದ್ದ ಅನಸೂಯಾ ಮೇಡಂ ನಗು ತಡೆಯಲು ಸೆರಗನ್ನು ಬಾಯಿಗೊತ್ತಿಕೊಂಡರು. ನಟನೆ ಅಂದರೆ ಇದು.

ವಾಗ್ಳೆ ಎಸ್ಟೇಟ್ ಕೈಗಾರಿಕಾ ವಸಾಹತಿನ ವ್ಯಸನಮುಕ್ತಿ ಕೇಂದ್ರದಲ್ಲಿ ಅಂದು ಪ್ರೇಕ್ಷಾಳ ಪರೀಕ್ಷೆ. ಕುಡಿತ ಬಿಡಲು ಬಂದವರ ಮನಸ್ಸಿನಲ್ಲಿ ಹಳೆಯ ಆಘಾತವೇನಾದರೂ ಕೂತಿದೆಯೇ ಎಂದು ಐದು ಪ್ರಶ್ನೆ ಕೇಳಬೇಕೆಂಬುದು ಈ ವರ್ಷದ ಹೊಸ ನಿಯಮ. ನಕಲಿ ರೋಗಿಯೊಬ್ಬನಿಗೆ ಅವನ್ನು ಕನ್ನಡದಲ್ಲಿ ಕೇಳಿ ಗೆದ್ದರೆ ಪ್ರೇಕ್ಷಾಳಿಗೆ ಇಲ್ಲಿ ಆಪ್ತಸಲಹೆಗಾರ್ತಿಯ ಕೆಲಸ. ಸೋತರೆ ಡೊಂಬಿವಲಿಯ ಮನೆ, ಅಮ್ಮ ನೋಡಿಟ್ಟ ವರ, ಅವನ ಮುಂದೆ ಉಪ್ಪಿಟ್ಟಿನ ತಟ್ಟೆ.

ನಕಲಿ ರೋಗಿ ಕೇಂದ್ರದ ಅಡುಗೆಯವರಾದ ದೇವದಾಸರೇ. ಎಂಟು ವರ್ಷದ ಹಿಂದೆ ಇಲ್ಲೇ ಕುಡಿತ ಬಿಟ್ಟವರು, ಕನ್ನಡ ಸಂಘದ ನಾಟಕಗಳಿಗೆ ಕಾಯಂ ರಾಜ. ಪಾತ್ರ ಯಾವುದೆಂದು ವಾಶಿಯ ಮುಖ್ಯ ಕಚೇರಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ ಅವರೊಬ್ಬರಿಗೇ ಕಳಿಸಿತ್ತು.

“ಕೆಟ್ಟ ಕನಸು ಬೀಳ್ತದಾ, ದೇವದಾಸಣ್ಣ?”

“ಬೀಳ್ತದೆ ಮಗಾ. ಹೋಟೆಲಿನ ಸಿಲಿಂಡರ್ ಸಿಡಿದದ್ದು. ನನ್ನ ಜೊತೆಯವ ಒಳಗೇ ಉಳಿದ.”

“ಆ ನೆನಪಿಗೆ ಹೆದರಿ ಯಾವುದನ್ನಾದರೂ ಅವಾಯ್ಡ್ ಮಾಡ್ತೀರಾ?”

“ಕಡ್ಡಿ ಗೀರುವುದಿಲ್ಲ. ಹೆಂಗಸರು ಒಲೆ ಹಚ್ಚಿದರೆ ಅನ್ನ ಅಕ್ಷಯ ಅಂತ ಹೇಳಿ ಬೇರೆಯವರಿಂದ ಹಚ್ಚಿಸ್ತೇನೆ.”

ಅನಸೂಯಾರಿಗೆ ಇನ್ನು ತಡೆಯಲಾಗಲಿಲ್ಲ, ನಕ್ಕೇಬಿಟ್ಟರು. ದಿನಾ ಬೆಳಿಗ್ಗೆ ಆ ಮಾತಿಗೆ ಉಬ್ಬಿ ಒಲೆ ಹಚ್ಚುವವರು ಅವರೇ. ಘಾಟಿ ಮನುಷ್ಯ, ತಮ್ಮನ್ನೂ ನಾಟಕದೊಳಗೆ ಎಳೆದುಬಿಟ್ಟ.

ಸಣ್ಣ ಸದ್ದಿಗೂ ಬೆಚ್ಚುತ್ತೀರಾ? ಹೌದು. ಯಾರೂ ಬೇಡ ಅನ್ನಿಸ್ತದಾ? ಹೌದು. ತಪ್ಪು ನಿಮ್ಮದೇ ಅನ್ನಿಸ್ತದಾ? ದೇವದಾಸ್ ಹೌದೆಂದು ತಲೆಯಾಡಿಸಿದರು.

ಪ್ರೇಕ್ಷಾ ಪೆನ್ನು ಕೆಳಗಿಟ್ಟಳು. “ಐದಕ್ಕೂ ಹೌದು. ಇದಕ್ಕೆ ಚಿಕಿತ್ಸೆ ಉಂಟು, ದೇವದಾಸಣ್ಣ. ಬುಧವಾರ ಡಾಕ್ಟರ್ ಬರ್ತಾರೆ. ನಾನೇ ಜೊತೆಗೆ ಕೂರ್ತೇನೆ.”

“ಬರ್ತೇನೆ.” ದೇವದಾಸ್ ಎದ್ದರು. ಮುಖದಲ್ಲಿ ಹಬ್ಬದ ಕಳೆ. “ಮೇಡಂ, ಇವಳಿಗೆ ಪೂರಾ ಮಾರ್ಕು ಕೊಡಿ. ಇಷ್ಟು ವರ್ಷ ಯಾರೂ ಕೇಳದ್ದನ್ನು ಕೇಳಿದಳು.”

ಅನಸೂಯಾ ಜೋರಾಗಿ ಚಪ್ಪಾಳೆ ತಟ್ಟಿದರು. ದೇವದಾಸ್ ರಂಗದ ಮೇಲಿನಂತೆಯೇ ಕೈಮುಗಿದು ಅಡುಗೆಮನೆಗೆ ಹೋದರು. ಉತ್ತರ ತಾಳೆ ನೋಡಲು ಅನಸೂಯಾ, ದೇವದಾಸ್ ಮೇಜಿನ ಮೇಲೆ ಬಿಟ್ಟುಹೋದ ಲಕೋಟೆ ಎತ್ತಿಕೊಂಡರು.

ಅದರ ಅಂಟು ಇನ್ನೂ ಬಿಟ್ಟಿರಲಿಲ್ಲ. ಒಡೆದರೆ ಒಳಗೆ ಒಂದೇ ಸಾಲು: ‘ಐದೂ ಪ್ರಶ್ನೆಗೆ ಇಲ್ಲ ಎನ್ನಿ.’