ಸೌಟಿನ ಊರುಗೋಲು

ಎರಡು ವರ್ಷದ ಮಗಳು ಸೌಟನ್ನು ಊರಿಕೊಂಡು, ಎಡಗಾಲು ಎಳೆಯುತ್ತ ನೆಂಟರ ನಡುವೆ ಬಂದಳು.

"ನೋಡ್ರೀ, ತಾಯಿ ಕಾಯಿಲೆ ಮಗೂಗೂ ಬಂತು. ಹೆರಬೇಡ ಅಂತ ಆಗಲೇ ಬಡ್ಕೊಂಡೆ." ಅತ್ತೆ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿತು.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದಿಂದ ಎಡಗಾಲು ಸೋತಿದ್ದ ಸೊಸೆ ಊರುಗೋಲು ಹಿಡಿದು ಕೂತಿದ್ದಳು. ಬಸುರಿಯಾದಾಗಿನಿಂದ ಈ ಪಿಸುಮಾತನ್ನು ನುಂಗಿಕೊಂಡೇ ಬಂದವಳು. ದೇವರು ನೋಡಿಕೊಳ್ಳುತ್ತಾನೆಂದು ಇಷ್ಟು ದಿನ ಸುಮ್ಮನಿದ್ದಳು. ಇವತ್ತು ದೇವರಿಗೆ ಕೊಂಚ ಬಿಡುವು ಕೊಟ್ಟಳು. "ಪುಟ್ಟೀ, ಅಮ್ಮನ ಥರ ನಡೆದಿದ್ದು ಸಾಕು. ಓಡು ನೋಡೋಣ." ಮಗು ಸೌಟು ಬಿಸಾಡಿ, ಬಾಗಿಲವರೆಗೆ ಓಡಿ, ಕುಪ್ಪಳಿಸುತ್ತ ವಾಪಸು ಬಂತು.

"ಈಗ ಅಜ್ಜಿ ಥರ," ಎಂದಳು ಸೊಸೆ, ಮೆತ್ತಗೆ.

ಮಗು ಸೊಂಟಕ್ಕೆ ಕೈಯಿಟ್ಟು, ಮೂತಿ ಉದ್ದ ಮಾಡಿ, ಒಬ್ಬೊಬ್ಬ ನೆಂಟರ ಕಿವಿಯ ಬಳಿಗೂ ಹೋಗಿ ಪಿಸಪಿಸ ಅಂದಿತು.