ಎಂಟೋ ಏಳೋ

ಕೈಯಲ್ಲಿ ಮೂರೇ ಎಲೆ ಉಳಿದಿದ್ದಾಗ ಬೋಗ್ನಾ ಯೋಚನೆಗೆ ಬಿದ್ದಳು.

ಎದುರು ಕೂತ ಸೆವೆರಿನ್‌ಗೆ ದಿಗಿಲಾಯಿತು. ಈ ಆಟ ಅವಳದು. ಜೊತೆಗಾರನಾದ ಅವನು ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು, ತುಟಿ ಹೊಲಿದುಕೊಂಡು ಕೂರಬೇಕು. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಈ ಹೆಂಗಸು ಬಸ್ಸು ತಪ್ಪೀತು ಎನ್ನುವ ಹಾಗೆ ಎಲೆ ಎಸೆದವಳು. ಇವತ್ತು ನಲವತ್ತು ಸೆಕೆಂಡಾದರೂ ಬೆರಳು ಒಂದು ಎಲೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಕಿವಿ ಬೇರೆ ಕೆಂಪಾಗಿದೆ.

ತೊರುನ್ ಊರಿನ ಬ್ರಿಜ್ ಇಸ್ಪೀಟಾಟದ ಕ್ಲಬ್ಬು, ವಸಂತದ ಟ್ರೋಫಿ, ಕೊನೆಯ ಆಟ. ನಾಲ್ಕು ವರ್ಷ ಎರಡನೆಯ ಸ್ಥಾನ ಹೊತ್ತುಕೊಂಡು ಮನೆಗೆ ಹೋದ ಜೋಡಿ ಇದು.

ಒಂದು ನಿಮಿಷ ತುಂಬಿದ ಮೇಲೆ ಬೋಗ್ನಾ ಡೈಮಂಡ್ ಎಂಟನ್ನು ಬಿಸಾಡಿದಳು. ಮುಂದಿನ ಸುತ್ತನ್ನು ಇಸ್ಪೀಟ್ ಎಕ್ಕದಿಂದ ಗೆದ್ದಳು. ಆ ಸುತ್ತಿಗೆ ಎದುರಾಳಿ ಲುತ್ಸ್ಯಾನ್, ಊರಿನ ಹಲ್ಲಿನ ಡಾಕ್ಟರು, ತನ್ನ ಕೊನೆಯ ಎರಡು ಎಲೆಗಳಲ್ಲಿ ಒಂದನ್ನು ಬಿಡಬೇಕಿತ್ತು: ಆಟೀನ್ ರಾಜನೋ, ಡೈಮಂಡ್ ಒಂಬತ್ತೋ. ಇಷ್ಟು ಹೊತ್ತು ಯೋಚಿಸಿದಳೆಂದರೆ ಅವಳಲ್ಲಿ ಒಂದು ಆಟೀನ್, ಒಂದು ಡೈಮಂಡ್ ಇದ್ದಿರಬೇಕು. ಡೈಮಂಡ್ ಹೋಯಿತು, ಆಟೀನ್ ಉಳಿದಿದೆ ಎಂದು ಲೆಕ್ಕ ಹಾಕಿ, ಅವನು ಒಂಬತ್ತನ್ನು ಬಿಟ್ಟು ರಾಜನನ್ನು ತಬ್ಬಿಕೊಂಡ.

ಬೋಗ್ನಾಳ ಕೊನೆಯ ಎಲೆ ಡೈಮಂಡ್ ಏಳು. ಅದನ್ನು ಹೊಡೆಯಬಲ್ಲ ಒಂಬತ್ತು ಆಗಲೇ ಹೋಗಿತ್ತು. ಗೆದ್ದಿತು. ಅದರ ಬೆನ್ನಿಗೆ ಟ್ರೋಫಿಯೂ.

"ತೀರ್ಪುಗಾರರನ್ನ ಕರೀರಿ," ಎಂದ ಲುತ್ಸ್ಯಾನ್. "ಎಂಟು, ಏಳು. ಎರಡೂ ಒಂದೇ ತೂಕ. ಯಾವುದು ಬಿಟ್ರೂ ಒಂದೇ. ಇದಕ್ಕೆ ಒಂದು ನಿಮಿಷ ತಪಸ್ಸು ಮಾಡಿದ್ದು ನನ್ನ ದಾರಿ ತಪ್ಪಿಸೋಕಲ್ದೆ ಇನ್ಯಾಕೆ?"

ಆ ಕೋಣೆಯ ಗೋಡೆಯ ಮೇಲೆ ಎರಡು ಕಾಗದಗಳಿದ್ದವು. ಒಂದು ಸೆವೆರಿನ್ ತನ್ನ ಕೈಯಾರೆ ಬರೆದಂಟಿಸಿದ ಆಟದ ನಡತೆಯ ನಿಯಮ. 'ಎಲೆಯಿಂದ ಸುಳ್ಳು ಹೇಳಬಹುದು, ಹೊತ್ತಿನಿಂದ ಹೇಳಬಾರದು. ಯೋಚಿಸಲು ಏನೂ ಇಲ್ಲದಾಗ ಯೋಚಿಸುವಂತೆ ನಟಿಸುವುದು ಮೋಸ.' ಹೇಳಿದಂತೆ ನಡೆಯುವವನು ಅವನು. ಎಕ್ಕವಿರಲಿ, ಎರಡಿರಲಿ, ಒಂದೇ ಹದದಲ್ಲಿ, ಮುಖದ ಒಂದು ಗೆರೆಯೂ ಅಲುಗದಂತೆ ಎಸೆಯುತ್ತಿದ್ದ.

ಇನ್ನೊಂದು ಕಾಗದ ಬಿಯರ್ ಪಟ್ಟಿ. ಅದು ಕ್ಲಬ್ಬಿನ ಹುಡುಗಾಟ: ಮೊದಲೇ ಗೊತ್ತುಮಾಡಿದ ಒಂದು ಚಿಲ್ಲರೆ ಎಲೆಯಿಂದ ಕೊನೆಯ ಸುತ್ತು ಗೆದ್ದರೆ, ಜೊತೆಗಾರ ಅವತ್ತೇ ನದಿಯ ದಂಡೆಯ ತೋಟದಲ್ಲಿ ಬಿಯರ್ ಕೊಡಿಸಬೇಕು. ಮೊಣಕೈಗೆ ಮೊಣಕೈ ಹೆಣೆದು ಮೊದಲ ಗುಟುಕು ಕುಡಿದರೆ, ಅಲ್ಲಿಂದಾಚೆ ಇಬ್ಬರ ನಡುವೆ ಏಕವಚನ. ಎಲ್ಲ ಜೋಡಿಗಳ ಮುಂದೆಯೂ ಗೀಟುಗಳಿದ್ದವು. ಲುತ್ಸ್ಯಾನನ ಹೆಸರಿನ ಮುಂದೆ ಗೀಟು ಹಾಕಲು ಜಾಗವಿರಲಿಲ್ಲ. ಬೋಗ್ನಾ–ಸೆವೆರಿನ್ ಸಾಲು ಮಾತ್ರ ಒಂಬತ್ತು ವರ್ಷದಿಂದ ಖಾಲಿ. "ನಿಮ್ಮಿಬ್ರನ್ನ ನೋಡಿದ್ರೆ ಬಿಯರೂ ಹೆದರತ್ತೆ," ಎಂದು ಜನ ಕಾಡಿಸಿದಾಗಲೆಲ್ಲ ಸೆವೆರಿನ್ ಕನ್ನಡಕ ತೆಗೆದು ಒರೆಸುತ್ತಿದ್ದ.

ತೀರ್ಪುಗಾರ್ತಿ ಯಾದ್ವಿಗಾ ಬಂದಳು, ಎಲೆಗಳನ್ನು ನೋಡಿದಳು.

"ಬೋಗ್ನಾ ಅವರೇ, ಯೋಚಿಸೋಕೆ ಏನಾದ್ರೂ ಕಾರಣ ಇತ್ತಾ?"

"ಇತ್ತು."

"ಆಟಕ್ಕೆ ಸಂಬಂಧಪಟ್ಟಿದ್ದಾ?"

"ಅಲ್ಲ." ಹಾಗೆಂದು ಬೋಗ್ನಾ ಕಿಸಕ್ಕನೆ ನಕ್ಕಳು. ಐವತ್ತೆಂಟರ ಹೆಂಗಸು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ.

ಆ ನಗು ಸೆವೆರಿನ್‌ನ ಎದೆಗೆ ನಾಟಿತು. ಟ್ರೋಫಿ ಹಾಳಾಗಿ ಹೋಗಲಿ. ಇವಳು ಮೋಸ ಮಾಡಲಾರಳು ಎಂಬ ಒಂದೇ ಧೈರ್ಯದ ಮೇಲೆ ಅವನು ಒಂಬತ್ತು ವರ್ಷ ಇವಳನ್ನು ಪ್ರೀತಿಸಿದ್ದ. ಅದನ್ನು ಹೇಳಿರಲಿಲ್ಲ, ಅಷ್ಟೇ. ಈಗ ಆ ಧೈರ್ಯವೇ ಮೇಜಿನ ಮೇಲೆ ಬಿದ್ದಿತ್ತು, ಎಂಟರ ಪಕ್ಕದಲ್ಲಿ ಏಳಾಗಿ.

"ಸೆವೆರಿನ್ ಅವರೇ, ನಿಯಮ ಬರೆದೋರು ನೀವು," ಎಂದಳು ಯಾದ್ವಿಗಾ. "ನೀವೇ ಹೇಳಿಬಿಡಿ."

ಸೆವೆರಿನ್ ಗಂಟಲು ಸರಿಮಾಡಿಕೊಂಡ. "ಎರಡೂ ಒಂದೇ ತೂಕದ ಎಲೆ. ಯೋಚಿಸೋಕೆ ಏನೂ ಇರ್ಲಿಲ್ಲ. ಆಟ ಲುತ್ಸ್ಯಾನ್ ಅವರಿಗೆ ಹೋಗ್ಬೇಕು."

ಹೋಯಿತು. ಟ್ರೋಫಿ ಎತ್ತಿಕೊಂಡ ಲುತ್ಸ್ಯಾನ್‌ಗೇ ಒಂದು ಥರ ಮುಜುಗರವಾಗಿ, ಎಲ್ಲರಿಗೂ ಜೇನಿನ ಬಿಸ್ಕತ್ತು ಹಂಚತೊಡಗಿದ.

ಸೆವೆರಿನ್ ಕೋಟು ತೊಡುತ್ತಿದ್ದಾಗ, ಒಂದು ತೋಳು ಒಳಗೆ ಒಂದು ಹೊರಗೆ ಇದ್ದ ಹೊತ್ತಿನಲ್ಲಿ, ಬೋಗ್ನಾ ಬಂದು ನಿಂತಳು. ಕಿವಿ ಇನ್ನೂ ಕೆಂಪಗೇ ಇತ್ತು.

"ತೀರ್ಪು ಸರಿಯಾಗೇ ಕೊಟ್ರಿ. ಬೇರೆ ಥರ ಕೊಟ್ಟಿದ್ರೆ ನಂಗೆ ಬೇಜಾರಾಗ್ತಿತ್ತು," ಎಂದಳು. "ಈಗ ಸಾಲ ತೀರಿಸಿ."

"ಯಾವ ಸಾಲ?"

ಅವಳು ಅಂಗೈ ಬಿಚ್ಚಿದಳು. ಡೈಮಂಡ್ ಏಳು. ಕ್ಲಬ್ಬಿನ ಬಿಯರ್ ಎಲೆ.

"ಎಂಟೂ ಏಳೂ ಆಟಕ್ಕೆ ಒಂದೇ. ನಂಗೆ ಒಂದೇ ಅಲ್ಲ. ಒಂಬತ್ತು ವರ್ಷದಲ್ಲಿ ಇಪ್ಪತ್ತಾರು ಸಲ ಇದನ್ನ ಕೊನೇವರೆಗೂ ಉಳಿಸ್ಕೋಬಹುದಿತ್ತು. ಇಪ್ಪತ್ತಾರು ಸಲನೂ ಮೊದ್ಲೇ ಬಿಸಾಡ್ದೆ. ನಿಮ್ಮ ಜೊತೆ ಒಬ್ಳೇ ಬಿಯರಿಗೆ ಕೂತ್ರೆ ನನ್ನ ಬಾಯಿ ನಿಲ್ಲಲ್ಲ, ಮನಸ್ಸಲ್ಲಿರೋದೆಲ್ಲ ಹೇಳಿಬಿಡ್ತೀನಿ. ನಿಮಗೆ ಬೇಡ ಅನ್ಸಿದ್ರೆ ಭಾನುವಾರನೂ ಹೋಯ್ತು. ಇವತ್ತು ಬಿಸಾಡೋಕೆ ಕೈ ಬರ್ಲಿಲ್ಲ. ಆ ಒಂದು ನಿಮಿಷ ನಾನು ನಟಿಸ್ತಿರ್ಲಿಲ್ಲ."

ಸೆವೆರಿನ್ ಕನ್ನಡಕ ತೆಗೆದ. ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಕೋಟಿನ ಖಾಲಿ ತೋಳು ಬೆನ್ನ ಹಿಂದೆ ಜೋಲಾಡುತ್ತಿತ್ತು.

"ನಾನು ಇದನ್ನ ನಲವತ್ತು ಸಲ ಬಿಸಾಡಿದ್ದೀನಿ," ಎಂದ. "ಒಂದು ಸೆಕೆಂಡೂ ತಡೀದೆ."