ತೊಪ್ಪೂರು ಇಳಿಜಾರಿನ ನಿಂಬೆಹಣ್ಣು

ಮುನಿಯಪ್ಪನ ಗುಡಿಯಲ್ಲಿ ಕರ್ಪೂರ ಹಚ್ಚಿ ಬರುವಷ್ಟರಲ್ಲಿ, ಡ್ರೈವರ್ ಧನಶೇಖರ್ ತನ್ನ ಟ್ರೇಲರ್ ಲಾರಿಯ ಮುಂದಿನ ಚಕ್ರದೆದುರು ಇಟ್ಟುಹೋಗಿದ್ದ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು. ಅವನಿಗೆ ಸಿಟ್ಟು ನೆತ್ತಿಗೇರಿತು. ತೊಪ್ಪೂರು ಘಾಟಿ ಇಳಿಯುವ ಮುಂಚೆ ಹಣ್ಣಿನ ಮೇಲೆ ಗಾಡಿ ಹತ್ತಿಸಬೇಕಾದವನು ಪೂಜೆ ಮಾಡಿದ ಡ್ರೈವರೇ.

"ಯಾರ್ಲಾ ಏಳಿದ್ದು ನಿಂಗೆ ವಂಡಿ ಎತ್ತಾಕೆ?" ಎಂದು, ಗಾಡಿ ಮುಂದಕ್ಕೆ ತಂದವನು ಅವನೇ ಎಂದುಕೊಂಡು, ಜೊತೆ ಡ್ರೈವರ್ ಮಾದೇಶನ ಮೇಲೆ ಕೂಗಾಡಿದ.

ಮಾದೇಶ ಕ್ಯಾಬಿನ್ನಿನ ಎಡಗಡೆ ಸೀಟಿನಲ್ಲಿ ಕಾಲು ಚಾಚಿ ಇಡ್ಲಿ ತಿನ್ನುತ್ತಿದ್ದ. ಹಿಂದೆ ಟ್ರೇಲರಿನ ಮೇಲೆ ನಲ್ಲಂಪಳ್ಳಿಯಲ್ಲಿ ಏರಿಸಿದ ಎರಡು ಗ್ರಾನೈಟ್ ಬಂಡೆಗಳಿದ್ದವು. ಮುಂದೆ ಬಿಸಿಲಿಗೆ ಹೊಳೆಯುತ್ತಿದ್ದ ಇಳಿಜಾರಿನ ತುಂಬ ಸೇಲಂ ಕಡೆಗೆ ಹೋಗುವ ಬಸ್ಸು, ಬೈಕುಗಳು. ಗಾಡಿ ಉರುಳದಂತೆ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಧನಶೇಖರನೇ ತೆಗೆದು ರಸ್ತೆ ಬದಿಗೆ ಎಸೆದಿದ್ದ. ಹಣ್ಣಿಟ್ಟ ಮೇಲೆ ಗಾಡಿಗೆ ಬೇರೇನೂ ಅಡ್ಡ ಇರಬಾರದೆಂಬುದು ಅವರ ಕಡೆಯ ಪದ್ಧತಿ. ಹೇಗೂ ಹ್ಯಾಂಡ್‌ಬ್ರೇಕ್ ಹಾಕಿದ್ದೀನಲ್ಲ ಎಂದುಕೊಂಡಿದ್ದ.

"ಸತ್ಯಮಾ ನಾನ್ ಮುಟ್ಟೇ ಇಲ್ಲಣ್ಣಾ," ಎಂದ ಮಾದೇಶ, ಬಾಯಲ್ಲಿದ್ದುದನ್ನು ನುಂಗಿ. "ಕೀ ನಿನ್ ಜೋಬ್ನಾಗೇ ಐತಲ್ಲ!"

ಧನಶೇಖರ್ ಜೇಬು ಮುಟ್ಟಿ ನೋಡಿಕೊಂಡ. ಕೀ ಅಲ್ಲೇ ಇತ್ತು. ತಲೆ ಬಗ್ಗಿಸಿದಾಗ, ಚಕ್ರದಡಿ ಸಿಕ್ಕಿದ್ದ ನಿಂಬೆಯ ಸಿಪ್ಪೆ, ಮೆಲ್ಲಗೆ ಮುಂದಕ್ಕೆ ಉರುಳುತ್ತಿದ್ದ ಚಕ್ರದ ಹಿಂದಿನಿಂದ ಹೊರಗೆ ಬರುತ್ತಿತ್ತು.